ಎರಡು ನಿಮಿಷದ ಚಿತ್ರದಲ್ಲಿ ಯಾರು ದೊಡ್ಡವರು?

ಪ್ರತಿ ವರ್ಷ ಅಕ್ಟೋಬರ್ 2ರಿಂದ 8ರವರೆಗೆ ದೇಶದ ಹಲವೆಡೆ ‘ದಾನ್ ಉತ್ಸವ್’ ನಡೆಯುತ್ತದೆ. 2009ರಲ್ಲಿ ‘ಜಾಯ್ ಆಫ್ ಗಿವಿಂಗ್ ವೀಕ್’ ಎಂಬ ಹೆಸರಿನಲ್ಲಿ ಆರಂಭವಾದ ಕೊಡುಗೆಯ ವಾರ ಇದು. ದೆಹಲಿ ಎನ್‌ಸಿಆರ್‌ನಲ್ಲಿ ಅಲ್ಲಿಂದ ಮುಂದೆ ಚಳಿಗಾಲವಿಡೀ ಸೇವಾ ಸಂಸ್ಥೆಗಳ ಸಮಾರಂಭಗಳ ಕಾಲ. ಲೋಧಿ ರಸ್ತೆಯ ಸಭಾಂಗಣಗಳಲ್ಲಿ, ಗುರುಗ್ರಾಮ ಮತ್ತು ನೋಯ್ಡಾದ ಕಂಪನಿಗಳ ಆಡಿಟೋರಿಯಂಗಳಲ್ಲಿ ವಾರ್ಷಿಕೋತ್ಸವ, ಪ್ರಶಸ್ತಿ ಪ್ರದಾನ, ದಾನಿಗಳಿಗೆ ಕೃತಜ್ಞತೆ ಸಲ್ಲಿಸುವ ಕಾರ್ಯಕ್ರಮಗಳು ಸಾಲುಗಟ್ಟುತ್ತವೆ. ದೀಪ ಬೆಳಗಿಸಿದ ಮೇಲೆ, ಭಾಷಣಗಳಿಗೆ ಮೊದಲು, ಪರದೆಯ ಮೇಲೆ ಎರಡು ನಿಮಿಷದ ಚಿತ್ರವೊಂದು ಬರುತ್ತದೆ. ಮೊದಲೆಲ್ಲ ಅದು ಕ್ಯಾಮೆರಾದಲ್ಲಿ ತೆಗೆದ ಸಾಕ್ಷ್ಯಚಿತ್ರವಾಗಿರುತ್ತಿತ್ತು. ಈಗೀಗ ಅನೇಕ ಕಡೆ ಚಿತ್ರಕಾರರು ಬರೆದ ಅನಿಮೇಷನ್.

ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವ ನಮ್ಮಂಥವರನ್ನು ಈ ಕೆಲಸಕ್ಕೆ ಕರೆಯುವುದು ಇಲ್ಲಿ ಸಾಮಾನ್ಯ. ‘ನೀವು ಕಂಪ್ಯೂಟರ್‌ನವರು, ಸ್ವಲ್ಪ ನೋಡಿಕೊಡಿ’ ಎನ್ನುತ್ತಾರೆ. ಹಾಗೆ ನೋಡಿಕೊಡುತ್ತಾ ನನಗೆ ಸ್ಪಷ್ಟವಾಗಿದ್ದು ಇಷ್ಟು: ಈ ಪುಟ್ಟ ಚಿತ್ರವನ್ನು ಸಮಾರಂಭದ ಅಲಂಕಾರ ಎಂದುಕೊಳ್ಳುವುದು ತಪ್ಪು. ಸಂಸ್ಥೆ ತಾನು ಯಾರ ಪರ ಇದ್ದೇನೆ, ಯಾರನ್ನು ಹೇಗೆ ನೋಡುತ್ತೇನೆ ಎಂದು ತಿಳಿದೋ ತಿಳಿಯದೆಯೋ ಹೇಳಿಬಿಡುವ ಜಾಗ ಅದು.

ಕ್ಯಾಮೆರಾ ಬಿಟ್ಟು ಕುಂಚ ಹಿಡಿಯಲು ಒಳ್ಳೆಯ ಕಾರಣವಿದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ, ಪ್ರಕರಣಗಳ ವರದಿಯಲ್ಲಿ ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಸಿಗುವ ಯಾವುದೇ ವಿವರವನ್ನು ಬಹಿರಂಗಪಡಿಸಬಾರದು ಎನ್ನುತ್ತದೆ. ಉಲ್ಲಂಘಿಸಿದರೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ಕೂಡ ಸಂತ್ರಸ್ತ ಮಗುವಿನ ಗುರುತು ಕಾಯುತ್ತದೆ. ದುಡಿಮೆಯಿಂದ ಬಿಡಿಸಿಕೊಂಡು ಬಂದ ಮಗುವಿನ ಮುಖವನ್ನು ವೇದಿಕೆಯ ಪರದೆಯಲ್ಲಿ ತೋರಿಸುವುದು ಕಾನೂನಿನ ಮಾತಿರಲಿ, ಮರ್ಯಾದೆಯ ಕೆಲಸವೂ ಅಲ್ಲ. ಹಾಗೆಂದು ಮುಖವನ್ನು ಮಸುಕು ಮಾಡಿದರೆ, ಟಿ.ವಿ.ಯಲ್ಲಿ ಆರೋಪಿಗಳನ್ನು ತೋರಿಸಿದ ಹಾಗೆ ಕಾಣುತ್ತದೆ. ಬರೆದ ಚಿತ್ರ ಈ ಇಕ್ಕಟ್ಟಿನಿಂದ ಪಾರು ಮಾಡುತ್ತದೆ. ಅಲ್ಲಿ ಮಗುವಿಗೆ ಮುಖ ಇರುತ್ತದೆ, ನಗು ಇರುತ್ತದೆ, ಆದರೆ ಆ ಮುಖ ಯಾರದ್ದೂ ಅಲ್ಲ. ಒಂದೇ ಎಚ್ಚರಿಕೆ: ಮುಖ ಬದಲಿಸಿ, ಹಿನ್ನೆಲೆಯಲ್ಲಿ ಅದೇ ಶಾಲೆಯ ಸಮವಸ್ತ್ರದ ಬಣ್ಣ, ಅದೇ ಬಸ್ತಿಯ ಹೆಸರು, ಅದೇ ಮಗುವಿನ ಸ್ವಂತ ಧ್ವನಿ ಇಟ್ಟರೆ ಮುಚ್ಚಿದ್ದು ಏನೂ ಇಲ್ಲ.

ಆದರೆ ಗುರುತು ಮುಚ್ಚಿದ ಮಾತ್ರಕ್ಕೆ ಗೌರವ ಬರುವುದಿಲ್ಲ. ಇಂಥ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವುದೇನು? ಮೇಲಿನಿಂದ ಇಳಿಯುವ ಒಂದು ದೊಡ್ಡ ಕೈ. ಕೆಳಗೆ ಬೊಗಸೆ ಒಡ್ಡಿದ ಪುಟ್ಟ ಕೈಗಳು. ಎತ್ತರದ ದಾನಿ, ಅವರ ಮೊಣಕಾಲಿಗೆ ಬರುವ ಮಗು. ಒಮ್ಮೆ ಗಮನಿಸಿದರೆ ಆಮೇಲೆ ಎಲ್ಲ ಕಡೆಯೂ ಅದೇ ಕಣ್ಣಿಗೆ ಬೀಳುತ್ತದೆ.

ನಮ್ಮ ತೊಗಲು ಗೊಂಬೆಯಾಟ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಗೊಂಬೆಯ ಗಾತ್ರ ಪಾತ್ರದ ಅಂತಸ್ತಿನ ಮೇಲೆ ನಿಂತಿದೆ: ರಾಜರು, ದೇವರುಗಳು ದೊಡ್ಡ ಗೊಂಬೆಗಳು, ಸೇವಕರು, ಸಾಮಾನ್ಯರು ಚಿಕ್ಕ ಗೊಂಬೆಗಳು. ಪುರಾಣದ ಕಥೆಗೆ ಅದು ಸರಿಯೇ. ಆ ಪರಂಪರೆಯ ಕಲಾವಿದರು ಗೊಂಬೆಯನ್ನು ಪುರಾಣಕ್ಕಷ್ಟೇ ಕಟ್ಟಿಹಾಕಲಿಲ್ಲ ಎಂಬುದನ್ನೂ ಹೇಳಬೇಕು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರು ಗಾಂಧೀಜಿಯ ಬದುಕನ್ನು, ಸ್ವಾತಂತ್ರ್ಯ ಹೋರಾಟವನ್ನು ತೊಗಲು ಗೊಂಬೆಗಳಲ್ಲಿ ಆಡಿಸಿದರು. ಕೊಪ್ಪಳ ಜಿಲ್ಲೆಯ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಅವರಿಗೆ ಯಾವ ಗೊಂಬೆ ಯಾಕೆ ದೊಡ್ಡದು ಎಂಬುದು ಗೊತ್ತು. ಲ್ಯಾಪ್‌ಟಾಪ್ ಮುಂದೆ ಕೂತು ದಾನಿಯನ್ನು ಎತ್ತರಕ್ಕೆ ಎಳೆಯುವ ನಮಗೆ ಅದು ಗೊತ್ತಿರುವುದಿಲ್ಲ. ಸಿದ್ಧ ಚಿತ್ರಗಳ ಪ್ಯಾಕೇಜಿನಲ್ಲಿ ಹಾಗಿತ್ತು, ಹಾಗೆಯೇ ಅಂಟಿಸಿದೆವು, ಅಷ್ಟೆ.

ಆ ಸಿದ್ಧ ಪ್ಯಾಕೇಜುಗಳದ್ದು ಇನ್ನೊಂದು ತೊಂದರೆ. ನೇರಳೆ ಬಣ್ಣದ ಚರ್ಮ, ಉದ್ದುದ್ದ ಕೈಕಾಲು, ಹೊಗೆಕೊಳವೆ ಇರುವ ಇಳಿಜಾರು ಮನೆಗಳು. ಇವು ಯಾವ ಊರಿನವೂ ಅಲ್ಲ. ನೀರಿನ ಟ್ಯಾಂಕರ್ ಬಂದಾಗ ಸಾಲು ನಿಲ್ಲುವ ನೀಲಿ ಡ್ರಮ್ಮುಗಳು, ಇ-ರಿಕ್ಷಾ, ನವೆಂಬರಿನ ಬೂದು ಆಕಾಶ, ದೆಹಲಿಯ ಬಸ್ಸು ಹತ್ತಿ ಬೆಳಿಗ್ಗೆ ಹೊರಡುವ ಕಾರ್ಯಕರ್ತೆ, ಇವುಗಳನ್ನು ಬರೆಯಿರಿ. ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತ ಆ ಕಾರ್ಯಕರ್ತೆಗೆ, ಇದು ನನ್ನ ದಿನ ಎಂದು ತಕ್ಷಣ ಗೊತ್ತಾಗುತ್ತದೆ. ಸಂಭ್ರಮ ನಿಜವಾಗಿ ಅವರದ್ದು ತಾನೇ?

ಕೊಡುವವರು, ಪಡೆಯುವವರ ಅಳತೆಯನ್ನು ಸಮ ಮಾಡಿದ ಉದಾಹರಣೆಗೆ ದೂರ ಹೋಗಬೇಕಿಲ್ಲ. 1999ರಲ್ಲಿ ದೆಹಲಿಯಲ್ಲಿ ಶುರುವಾದ ‘ಗೂಂಜ್’ ಬಳಸಿದ ಬಟ್ಟೆಯನ್ನು ಹಳ್ಳಿಗಳಿಗೆ ತಲುಪಿಸುತ್ತದೆ, ಆದರೆ ಭಿಕ್ಷೆಯ ಹಾಗೆ ಹಂಚುವುದಿಲ್ಲ. ಊರಿನವರು ತಮಗೆ ಬೇಕಾದ ಬಾವಿ, ರಸ್ತೆ, ಸೇತುವೆಯ ಕೆಲಸವನ್ನು ತಾವೇ ನಿರ್ಧರಿಸಿ ಮಾಡುತ್ತಾರೆ. ಬಟ್ಟೆ, ಸಾಮಾನು ಆ ಶ್ರಮಕ್ಕೆ ಸಂದ ಗೌರವವಾಗಿ ಬರುತ್ತದೆ. ಇದರ ಸ್ಥಾಪಕ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಕೆಲಸವನ್ನು ಚಿತ್ರದಲ್ಲಿ ಹೇಳಬೇಕಾದರೆ ‘ಮೇಲಿನ ಕೈ, ಕೆಳಗಿನ ಕೈ’ ಸಾಲುವುದೇ ಇಲ್ಲ. ಗುದ್ದಲಿ ಹಿಡಿದವರನ್ನು ನಡುವೆ ಇಡಲೇಬೇಕು.

ಅನಿಮೇಷನ್‌ನಲ್ಲೂ ಒಳ್ಳೆಯ ಮಾದರಿಗಳಿವೆ. 1974ರಲ್ಲಿ ಫಿಲ್ಮ್ಸ್ ಡಿವಿಷನ್‌ಗಾಗಿ ವಿಜಯಾ ಮುಳೆ ಅವರು ಮಾಡಿದ ‘ಏಕ್ ಅನೇಕ್ ಔರ್ ಏಕ್ತಾ’ ದೂರದರ್ಶನದ ಕಾಲದವರಿಗೆಲ್ಲ ನೆನಪಿದೆ. ಸರಳ ಗೆರೆಗಳು, ಒಂದೇ ವಿಚಾರ, ಮಕ್ಕಳಿಗೆ ಹೇಳುವಷ್ಟು ಬಿಡಿ ಮಾತು. ಯುನಿಸೆಫ್‌ಗಾಗಿ ರಾಮ್ ಮೋಹನ್ ರೂಪ ಕೊಟ್ಟ ‘ಮೀನಾ’ ಇನ್ನೂ ಹತ್ತಿರದ ಉದಾಹರಣೆ. ತಮ್ಮ ರಾಜುವಿಗೆ ಮಾವಿನ ಹಣ್ಣಿನ ದೊಡ್ಡ ಪಾಲು ಯಾಕೆ ಎಂದು ಕೇಳುವ ಹುಡುಗಿ ಅವಳು. ಬಡ ಮನೆಯ ಮಗು. ಆದರೆ ನೋಡುವವರ ಕರುಣೆಗೆ ಕಾದು ಕೂತವಳಲ್ಲ, ಪ್ರಶ್ನೆ ಕೇಳುವವಳು.

ನೋಯ್ಡಾದ ಅಂಚಿನ ಒಂದು ಹೊಲಿಗೆ ಕೇಂದ್ರದ ಹೆಂಗಸರಿಗೆ ನಾವು ಚಿತ್ರೀಕರಣಕ್ಕೆ ಮೊದಲು ಬರೆದ ಸ್ಕೆಚ್‌ಗಳನ್ನು ತೋರಿಸಿದ್ದೆವು. ಒಬ್ಬರು ಹಾಳೆಗಳನ್ನು ತಿರುವಿ, ‘ಎಲ್ಲದರಲ್ಲೂ ನಾವು ಕೂತೇ ಇದ್ದೇವಲ್ಲ, ನಿಂತಿರುವವರೆಲ್ಲ ನೀವು’ ಎಂದರು. ಇನ್ನೊಬ್ಬರು, ‘ಲೆಕ್ಕ ನಾನೇ ಬರೆಯೋದು, ಪೆನ್ನು ಎಲ್ಲಿ?’ ಎಂದು ಕೇಳಿದರು. ಯಾವ ವಿನ್ಯಾಸ ತಜ್ಞರೂ ಕೊಡದ ತಿದ್ದುಪಡಿಗಳು ಇವು. ಹಾಗಾಗಿ ನನ್ನ ಮೊದಲ ವಾದ: ಚಿತ್ರ ಯಾರ ಬಗ್ಗೆಯೋ ಅವರಿಗೆ ಅದನ್ನು ಸ್ಕೆಚ್ ಹಂತದಲ್ಲೇ ತೋರಿಸಬೇಕು. ಬಣ್ಣ ತುಂಬಿ, ಸಂಗೀತ ಕೂಡಿಸಿದ ಮೇಲೆ ತೋರಿಸಿದರೆ ಚೆನ್ನಾಗಿದೆ ಎನ್ನದೆ ಅವರಿಗೆ ಬೇರೆ ದಾರಿ ಇರುವುದಿಲ್ಲ.

ಎರಡನೆಯದು ದುಡ್ಡಿನ ಮಾತು. ಸಿನಿಮಾ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು; ಎರಡು ನಿಮಿಷಕ್ಕೆ 2,880. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸಿದರೂ 1,440 ಚಿತ್ರಗಳು ಬೇಕು. ಕಂಪ್ಯೂಟರಿನಲ್ಲಿ ಕೈಕಾಲುಗಳನ್ನು ಬೇರೆ ಬೇರೆ ಪದರಗಳಾಗಿ ಬರೆದು ಕೀಲು ಕೊಟ್ಟರೆ ಈ ಶ್ರಮ ಬಹಳ ಕಡಿಮೆಯಾಗುತ್ತದೆ ನಿಜ. ಆದರೂ ಕಥೆ, ಸ್ಕೆಚ್, ಪಾತ್ರಗಳು, ಚಲನೆ, ಧ್ವನಿ ಎಂದು ಸೇರಿದರೆ ಒಬ್ಬ ಕಲಾವಿದರ ಹಲವು ವಾರಗಳ ದುಡಿಮೆ. ಇದಕ್ಕೆ ಎಷ್ಟೋ ಸಲ ಸಿಗುವ ಸಂಭಾವನೆ, ‘ಒಳ್ಳೆಯ ಕೆಲಸಕ್ಕೆ ತಾನೇ’ ಎಂಬ ಮಾತು. ನಾನು ನೋಡಿದ ಒಂದು ಸಮಾರಂಭದಲ್ಲಿ ಎಲ್‌ಇಡಿ ಗೋಡೆಗೆ, ಹೂವಿಗೆ, ಸ್ಮರಣಿಕೆಗೆ ಬಿಲ್ ಪಾವತಿಯಾಯಿತು. ಆ ಗೋಡೆಯ ಮೇಲೆ ಓಡಿದ ಚಿತ್ರ ಬರೆದ ಹುಡುಗಿಗೆ ಸಿಕ್ಕಿದ್ದು ಒಂದು ಪ್ರಮಾಣಪತ್ರ.

ಸಂಸ್ಥೆಗಳ ಕಷ್ಟವೂ ನಿಜವೇ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಆ ಹಣ ಸಾಮಾನ್ಯವಾಗಿ ಒಂದು ಯೋಜನೆಗೆ ಅಂಟಿಕೊಂಡೇ ಬರುತ್ತದೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು 2020ರ ತಿದ್ದುಪಡಿ ಶೇ 50ರಿಂದ ಶೇ 20ಕ್ಕೆ ಇಳಿಸಿತು. ಚಿತ್ರಕಾರರಿಗೆ ಕೊಡುವ ಹಣವನ್ನು ಯಾವ ತಲೆಬರಹದಲ್ಲಿ ತೋರಿಸುವುದು ಎಂಬುದು ಲೆಕ್ಕಿಗರಿಗೆ ನಿಜವಾದ ತಲೆನೋವು. ‘ಮಕ್ಕಳಿಗೆ ಹೋಗಬೇಕಾದ ರೂಪಾಯಿಯನ್ನು ಕಾರ್ಟೂನಿಗೆ ಸುರಿಯಬೇಕೇ?’ ಎಂದು ಕೇಳುವವರ ಪ್ರಶ್ನೆಯನ್ನೂ ತಳ್ಳಿಹಾಕಲಾರೆ.

ನನ್ನ ಉತ್ತರ ಇಷ್ಟೆ. ಹಣ ಇಲ್ಲದಿದ್ದರೆ ಅನಿಮೇಷನ್ ಬೇಡ. ಐದು ಒಳ್ಳೆಯ ಚಿತ್ರಗಳನ್ನು ಹಣ ಕೊಟ್ಟು ಬರೆಸಿ, ನಿಧಾನವಾಗಿ ಪರದೆಯ ಮೇಲೆ ಸರಿಸಿ, ಹಿನ್ನೆಲೆಯಲ್ಲಿ ಒಬ್ಬ ಕಾರ್ಯಕರ್ತೆ ಮಾತಾಡಲಿ. ಅವಸರದಲ್ಲಿ ಜೋಡಿಸಿದ ಎರಡು ನಿಮಿಷಕ್ಕಿಂತ ಅದು ಹೆಚ್ಚು ಹೊತ್ತು ನೆನಪಿರುತ್ತದೆ. ಹಣ ಇದ್ದರೆ ಮೊದಲ ಪಾವತಿ ಕಲಾವಿದರಿಗೆ, ಆಮೇಲೆ ಹೂವಿಗೆ. ತಿಂಗಳ ಸಂಬಳ ಖಾತೆಗೆ ಬೀಳುವ ಎಂಜಿನಿಯರ್ ಶನಿವಾರ ಬಿಟ್ಟಿ ಕೆಲಸ ಮಾಡುವುದು ಸೇವೆ. ಚಿತ್ರ ಬರೆದೇ ಬಾಡಿಗೆ ಕಟ್ಟುವವರಿಂದ ಅದೇ ಬಿಟ್ಟಿ ಕೆಲಸ ನಿರೀಕ್ಷಿಸುವುದು ಅವರ ಜೇಬಿನಿಂದ ತೆಗೆದು ದಾನ ಮಾಡಿದ ಹಾಗೆ.

ಮೂರನೆಯದು, ಈ ಚಿತ್ರ ಯಾರಿಗೆ ಕಾಣುತ್ತದೆ, ಯಾರಿಗೆ ಕೇಳುತ್ತದೆ ಎಂಬುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅಂಥವರ ಜೊತೆ ಕೆಲಸ ಮಾಡುವ ಸಂಸ್ಥೆಗಳ ಕಾರ್ಯಕ್ರಮದಲ್ಲೇ ಶೀರ್ಷಿಕೆ ಇಲ್ಲದ, ಮಿಂಚು ಹೊಡೆಯುವ ಚಿತ್ರಗಳು ಓಡುತ್ತವೆ. ವೆಬ್ ತಂತ್ರಜ್ಞರು ಪಾಲಿಸುವ ಅಂತರರಾಷ್ಟ್ರೀಯ ಸೂಚಿಗಳು ಇಲ್ಲೂ ಉಪಯೋಗಕ್ಕೆ ಬರುತ್ತವೆ: ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಬೆಳಕು ಮಿಂಚಬಾರದು, ಏಕೆಂದರೆ ಕೆಲವರಿಗೆ ಅದರಿಂದ ಮೂರ್ಛೆ ಬರಬಹುದು, ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5ಕ್ಕೆ 1ರ ಬೆಳಕಿನ ವ್ಯತ್ಯಾಸ ಇರಬೇಕು. ಸಂಜ್ಞಾಭಾಷೆಯ ಅನುವಾದಕರು ಕಾಣಲು ಪರದೆಯ ಒಂದು ಮೂಲೆಯನ್ನು ಮೊದಲೇ ಖಾಲಿ ಬಿಡಬೇಕು. ಇದಕ್ಕೆ ಹೆಚ್ಚು ಹಣ ಬೇಕಿಲ್ಲ. ಮೊದಲ ದಿನವೇ ಯೋಚಿಸಿದರೆ ಸಾಕು.

ಅಂಗವಿಕಲರು ನೋಡುಗರಷ್ಟೇ ಆಗಿರಬೇಕಿಲ್ಲ. 1999ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಂಡ್‌ಟ್ರೀ ಕಂಪನಿಯ ಮೊದಲ ಲಾಂಛನ ಬರೆದದ್ದು ಸೆರೆಬ್ರಲ್ ಪಾಲ್ಸಿ ಇದ್ದ, ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದ ವಿದ್ಯಾರ್ಥಿ. ವರ್ಷಗಟ್ಟಲೆ ಆ ಲಾಂಛನ ದೇಶವಿದೇಶದ ಕಚೇರಿಗಳ ಗೋಡೆಯ ಮೇಲಿತ್ತು. ಸಂಸ್ಥೆಯ ಮಡಿಲಲ್ಲೇ ಚಿತ್ರ ಬರೆಯುವವರಿದ್ದಾಗ ಹೊರಗೆ ಹುಡುಕುವುದೇಕೆ? ಅವರಿಗೂ ಸಂಭಾವನೆ ಕೊಡಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಕೊನೆಯದು ಭಾಷೆ. ದೆಹಲಿಯ ಇಂಥ ಕಾರ್ಯಕ್ರಮಗಳಲ್ಲಿ ಚಿತ್ರದ ಧ್ವನಿ ಇಂಗ್ಲಿಷಿನಲ್ಲಿರುತ್ತದೆ. ಮುಂದಿನ ಸಾಲಿನವರಿಗೆ ಅರ್ಥವಾಗುತ್ತದೆ. ಹಿಂದಿನ ಸಾಲುಗಳಲ್ಲಿ ಕೂತ ಕಾರ್ಯಕರ್ತರು ಹಿಂದಿ, ಭೋಜಪುರಿ, ಮೈಥಿಲಿ ಮನೆಗಳಿಂದ ಬಂದವರು; ತಮ್ಮದೇ ಕಥೆಗೆ ಅವರು ಮುಂದಿನವರನ್ನು ನೋಡಿಕೊಂಡು ಚಪ್ಪಾಳೆ ತಟ್ಟುತ್ತಾರೆ. ಊರು ಬಿಟ್ಟು ಬಂದ ಕನ್ನಡಿಗರಿಗೆ ಈ ಅನುಭವ ಯಾರೂ ವಿವರಿಸಬೇಕಿಲ್ಲ. ಅದೇ ಚಿತ್ರ ಮುಂದೆ ಕಲಬುರಗಿ, ರಾಯಚೂರಿನ ಕೇಂದ್ರಕ್ಕೂ ಹೋಗಬಹುದು. ಆದ್ದರಿಂದ ಅಕ್ಷರಗಳನ್ನು ಚಿತ್ರದೊಳಗೇ ಬೆಸೆಯದೆ ಪ್ರತ್ಯೇಕ ಪದರದಲ್ಲಿ ಇಡಬೇಕು. ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬಿಡಬೇಕು. ಅನಿಮೇಷನ್ ತಂತ್ರಾಂಶ ಭಾರತೀಯ ಲಿಪಿಗೆ ಸಿದ್ಧವಾಗಿರದಿದ್ದರೆ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತದೆ; ಕನ್ನಡ ಓದುವವರೊಬ್ಬರು ಕೊನೆಯ ಪ್ರತಿ ನೋಡದೆ ಅದನ್ನು ಹೊರಗೆ ಬಿಡಬಾರದು.

ಎನ್‌ಸಿಆರ್‌ನಲ್ಲಿ ಇಂಥ ಕೆಲಸಕ್ಕೆ ಶನಿವಾರಗಳನ್ನು ಕೊಡುವ ಕನ್ನಡಿಗರು ಕಡಿಮೆಯಿಲ್ಲ. ಆರ್‌.ಕೆ. ಪುರದ ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಬಂದರೆ ಅವರಲ್ಲಿ ಕೆಲವರಾದರೂ ಸಿಗುತ್ತಾರೆ. ಅವರಿಗೂ ನನಗೂ ಸೇರಿಸಿ ಹೇಳುವುದು ಇಷ್ಟು: ಮುಂದಿನ ಸಲ ಕರೆ ಬಂದಾಗ ಲ್ಯಾಪ್‌ಟಾಪ್ ತೆರೆಯುವ ಮೊದಲು ಮೂರು ವಿಷಯ ಕೇಳೋಣ. ಚಿತ್ರ ಬರೆಯುವವರಿಗೆ ಎಷ್ಟು ಕೊಡುತ್ತೀರಿ? ಚಿತ್ರದಲ್ಲಿ ಇರುವವರಿಗೆ ಯಾವಾಗ ತೋರಿಸುತ್ತೀರಿ? ಹಿಂದಿನ ಸಾಲಿನವರಿಗೆ ಯಾವ ಭಾಷೆಯಲ್ಲಿ ಹೇಳುತ್ತೀರಿ? ಉತ್ತರ ಸಿದ್ಧವಿಲ್ಲದಿದ್ದರೆ ಆ ಶನಿವಾರದ ಮೊದಲ ಕೆಲಸ ಆ ಉತ್ತರಗಳನ್ನು ಕೂತು ಬರೆಯುವುದೇ ಆಗಲಿ.