ಗೇಮ್‌ಗೆ ಹಾಕೋ ಚಿತ್ರ ಯಾರದ್ದು? ಜಗನ್ಮೋಹನ ಅರಮನೆಯ ಎರಡು ಚಿತ್ರಗಳ ಲೆಕ್ಕ ನೋಡಿ

ಮೈಸೂರು: ಮೊಬೈಲ್ ಗೇಮ್ ಮಾಡೋಕೆ ದೊಡ್ಡ ಕಂಪನಿನೇ ಬೇಕು ಅನ್ನೋ ಕಾಲ ಹೋಯ್ತು. ಲ್ಯಾಪ್‌ಟಾಪ್, ಇಂಟರ್ನೆಟ್ ಇದ್ರೆ ಮನೆಯಲ್ಲೇ ಕೂತು ಮಾಡಿ ಪ್ಲೇ ಸ್ಟೋರ್‌ಗೆ ಹಾಕಬಹುದು. ರಾಜ್ಯ ಸರ್ಕಾರವೂ 2024-29ರ ಎವಿಜಿಸಿ-ಎಕ್ಸ್‌ಆರ್ ನೀತಿ ತಂದು ಅನಿಮೇಷನ್, ಗೇಮಿಂಗ್‌ಗೆ ಒತ್ತು ಕೊಡ್ತಿದೆ. ಆದರೆ ಕೋಡ್ ಬರೆಯೋ ಎಲ್ಲರಿಗೂ ಚಿತ್ರ ಬರೆಯೋಕೆ ಬರಲ್ಲ. ನೆಟ್‌ನಲ್ಲಿ ರೆಡಿಮೇಡ್ ಸಿಗೋದನ್ನ ಇಳಿಸಿಕೊಂಡು ಹಾಕ್ತಾರೆ. ತೊಂದರೆ ಶುರುವಾಗೋದೇ ಅಲ್ಲಿ.

ಒಂದೇ ಗ್ಯಾಲರಿ, ಎರಡು ಲೆಕ್ಕ

ನಮ್ಮೂರಿನ ಉದಾಹರಣೆನೇ ತಗೊಳ್ಳಿ. ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮರ ಚಿತ್ರಗಳಿವೆ. ಅದೇ ಗ್ಯಾಲರಿಯಲ್ಲಿ ದೀಪ ಹಿಡಿದ ಮಹಿಳೆಯ ಚಿತ್ರವೂ ಇದೆ. ಇದನ್ನೂ ರವಿವರ್ಮರದ್ದೇ ಅಂದುಕೊಂಡವರು ಬಹಳ ಮಂದಿ. ಅಲ್ಲ, ಅದನ್ನ ಬರೆದವರು ಎಸ್.ಎಲ್. ಹಲ್ದಂಕರ್.

ಈ ತಪ್ಪು ತಿಳಿವಳಿಕೆ ಯಾಕೆ ಮುಖ್ಯ? 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರದ ಹಕ್ಕು ಸಾಮಾನ್ಯವಾಗಿ ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಅವರ ಚಿತ್ರಗಳ ಹಕ್ಕು ಮುಗಿದು ದಶಕಗಳೇ ಆಯ್ತು. ಹಲ್ದಂಕರ್ ತೀರಿಕೊಂಡಿದ್ದು 1968ರಲ್ಲಿ. ಅದೇ ಲೆಕ್ಕ ಹಾಕಿದ್ರೆ 2028ರ ಡಿಸೆಂಬರ್ ಕೊನೆವರೆಗೆ ಹಕ್ಕು ಇದೆ. 'ಹಳೇ ಚಿತ್ರ ತಾನೆ' ಅಂತ ದಸರಾ ಗೇಮ್‌ಗೆ ಹಾಕಿದ್ರೆ ಒಂದು ನಡೆಯುತ್ತೆ, ಇನ್ನೊಂದು ನಡೆಯಲ್ಲ.

ಗಂಜೀಫಾ ಎಲೆ, ಮೈಸೂರು ಶೈಲಿಯ ಚಿತ್ರಕ್ಕೂ ಇದೇ ಮಾತು. ಶೈಲಿ ಯಾರ ಸ್ವತ್ತೂ ಅಲ್ಲ, ನೋಡಿ ಕಲಿತು ನೀವೇ ಬರೀಬಹುದು. ಆದರೆ ಇವತ್ತಿನ ಕಲಾವಿದರು ಬರೆದ ಚಿತ್ರವನ್ನ ಸ್ಕ್ಯಾನ್ ಮಾಡಿ ಹಾಕೋ ಹಾಗಿಲ್ಲ. ದುಡ್ಡು ಕೊಟ್ಟು ಅಂಗಡಿಯಿಂದ ತಂದಿದ್ರೂ ಅಷ್ಟೇ. ಕೈಗೆ ಬಂದಿದ್ದು ಆ ಒಂದು ಪ್ರತಿ, ಹಕ್ಕಲ್ಲ.

'ಫ್ರೀ' ಅಂದ್ರೆ ಏನು?

ನೆಟ್‌ನಲ್ಲಿ 'ಫ್ರೀ' ಅಂತ ಸಿಗೋ ಚಿತ್ರಗಳಲ್ಲೂ ನಾಲ್ಕಾರು ಬಗೆ. 'ಸಿಸಿ ಝೀರೋ' ಅಂತಿದ್ರೆ ಹೇಗೆ ಬೇಕಾದ್ರೂ ಬಳಸಿ. 'ಸಿಸಿ ಬೈ' ಅಂತಿದ್ರೆ ಬರೆದವರ ಹೆಸರು ಹಾಕಲೇಬೇಕು. 'ಎಸ್‌ಎ' ಸೇರಿದ್ರೆ, ಚಿತ್ರ ತಿದ್ದಿ ಹಂಚುವಾಗ ಅದೇ ಷರತ್ತಲ್ಲೇ ಹಂಚಬೇಕು. 'ಎನ್‌ಸಿ' ಅಂತಿದ್ರೆ ವ್ಯಾಪಾರಕ್ಕೆ ಬಳಸೋ ಹಾಗಿಲ್ಲ. ಗೇಮ್ ಉಚಿತ ಇರಬಹುದು, ಆದರೆ ಅದರಲ್ಲಿ ಜಾಹೀರಾತು ಓಡಿಸಿ ದುಡ್ಡು ಮಾಡ್ತಿದ್ರೆ ಅದೂ ವ್ಯಾಪಾರಾನೇ.

ಇನ್ನೊಂದು ವಿಷಯ. ನೆಟ್‌ಗೆ ಹಾಕಿದವನೇ ಮಾಲೀಕ ಆಗಿರಬೇಕಲ್ಲ? ಹಲ್ದಂಕರ್ ಚಿತ್ರವನ್ನ ಯಾರೋ 'ರವಿವರ್ಮ, ಫ್ರೀ' ಅಂತ ಹಾಕಿದ್ರೆ ಆ ಲೈಸೆನ್ಸ್‌ಗೆ ಬೆಲೆ ಇಲ್ಲ.

ಕಲಾವಿದರ ಹತ್ರ ಬರೆಸಿದ್ರೂ ಹುಷಾರು

ಪರಿಚಯದ ಕಲಾವಿದರಿಂದ ಹಕ್ಕು ತಗೊಳ್ತೀರಾ? ಬಾಯಿಮಾತು ಸಾಲದು, ಬರಹದಲ್ಲಿರಲಿ. ಅದರಲ್ಲಿ ಎಷ್ಟು ವರ್ಷ ಅಂತ ಬರೀದೇ ಇದ್ರೆ ಕಾಯ್ದೆಯ 19ನೇ ಕಲಮಿನ ಪ್ರಕಾರ ಐದೇ ವರ್ಷ. ಯಾವ ಪ್ರದೇಶಕ್ಕೆ ಅಂತ ಬರೀದೇ ಇದ್ರೆ ಭಾರತಕ್ಕೆ ಮಾತ್ರ. ಪ್ಲೇ ಸ್ಟೋರ್‌ನಲ್ಲಿ ಹೊರದೇಶದವರೂ ಆಡ್ತಾರೆ ಅನ್ನೋದು ನೆನಪಿರಲಿ. ಈ ಎರಡು ಸಾಲು ಬರೆಸಿಕೊಂಡ್ರೆ ಇಬ್ಬರಿಗೂ ನೆಮ್ಮದಿ, ಕಲಾವಿದರೂ ತಕ್ಕ ಬೆಲೆ ಕೇಳಬಹುದು.

ಗೊತ್ತಿದ್ದೂ ಕದ್ದು ಬಳಸಿದ್ರೆ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಅಂತಿದೆ. ಅಷ್ಟು ದೂರ ಹೋಗದಿದ್ರೂ, ಹಕ್ಕಿನವರು ಗೂಗಲ್‌ಗೆ ದೂರು ಕೊಟ್ರೆ ಗೇಮ್ ಪ್ಲೇ ಸ್ಟೋರ್‌ನಿಂದ ಹೋಗಬಹುದು. ವರ್ಷದ ಶ್ರಮ ನೀರುಪಾಲು.

ಅಂಗಡಿಯವರಿಗೂ ಇದು ಹೊರತಲ್ಲ. ಹಬ್ಬದ ಫ್ಲೆಕ್ಸ್, ಕ್ಯಾಲೆಂಡರ್, ವಾಟ್ಸ್‌ಆಪ್ ಜಾಹೀರಾತಿಗೆ ಗೂಗಲ್‌ನಿಂದ ತೆಗೆದ ಫೋಟೊಗೂ ಇದೇ ಕಾಯ್ದೆ. ಅರಮನೆ ಫೋಟೊ ಬೇಕಾ? ನಿಮ್ಮ ಫೋನಲ್ಲೇ ತೆಗೀರಿ, ಅದು ನಿಮ್ಮದು. ಬೇರೆಯವರು ತೆಗೆದಿದ್ದು ಬೇಕಂದ್ರೆ ಕೇಳಿ ಬಳಸಿ.

ಮಾಲು ತಂದಾಗ ಬಿಲ್ ಎತ್ತಿಡ್ತೀವಲ್ಲ, ಚಿತ್ರಕ್ಕೂ ಹಾಗೇ ಮಾಡಿ. ಎಲ್ಲಿಂದ ತಂದಿದ್ದು, ಬರೆದವರು ಯಾರು, ಲೈಸೆನ್ಸ್ ಯಾವುದು, ತಂದ ದಿನಾಂಕ ಯಾವುದು ಅಂತ ಒಂದು ಫೈಲಲ್ಲಿ ಬರೆದಿಡಿ, ಲೈಸೆನ್ಸ್ ಪುಟದ ಸ್ಕ್ರೀನ್‌ಶಾಟ್ ಸಮೇತ. ನಾಳೆ ಯಾರಾದ್ರೂ ಕೇಳಿದ್ರೆ ತೋರಿಸೋಕೆ ನಿಮ್ಮ ಹತ್ರ ಇರೋದು ಅದೊಂದೇ.