ಯೋಧನ ಮನೆಗೆ ಬೇಕಿರುವುದು ಶಾಲಲ್ಲ, ಸಮಯ

ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ, ಜುಲೈ 26ರ ಕಾರ್ಗಿಲ್ ವಿಜಯ ದಿವಸ... ಈ ದಿನಗಳು ಬಂತೆಂದರೆ ನಮ್ಮ ಹಲವು ಕಚೇರಿ, ಬ್ಯಾಂಕು, ಕಾರ್ಖಾನೆ ಹಾಗೂ ವಿದ್ಯಾಸಂಸ್ಥೆಗಳಲ್ಲಿ ಒಂದು ಕಾರ್ಯಕ್ರಮ ಏರ್ಪಡುತ್ತದೆ. ಸಿಬ್ಬಂದಿಯ ಪೈಕಿ ಯಾರ ಪತಿ, ಮಗ, ಮಗಳು ಅಥವಾ ಸಹೋದರ ಸೇನೆಯಲ್ಲಿದ್ದಾರೋ ಅವರನ್ನು ವೇದಿಕೆಗೆ ಕರೆಯಲಾಗುತ್ತದೆ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಯಲಾಗುತ್ತದೆ. ಮರುದಿನ ಆ ಫೋಟೋ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ದೇಶದ ಗಡಿಯಲ್ಲಿ ನಿಂತವರ ಮನೆಯವರನ್ನು ಸಹೋದ್ಯೋಗಿಗಳು ಗುರುತಿಸುವುದು ಸ್ವಾಗತಾರ್ಹವೇ ಆಗಿದೆ.

ಆದರೆ ಪ್ರಶ್ನೆ ಇರುವುದು ಆಗಸ್ಟ್ 16ರ ಬಗ್ಗೆ. ಶಾಲು ಹೊದೆದು ಮನೆಗೆ ಹೋದ ಅದೇ ಮಹಿಳೆ, ತಿಂಗಳ ನಂತರ ಪತಿ ರಜೆಯಲ್ಲಿ ಬರುತ್ತಾರೆಂದು ಒಂದು ವಾರದ ರಜೆ ಕೇಳಿದರೆ ಸಿಗುವ ಉತ್ತರವೇನು? "ಈಗ ಆಡಿಟ್ ಇದೆ, ಆಮೇಲೆ ನೋಡೋಣ" ಎಂಬ ಉತ್ತರ ಸಿಗುವುದಾದರೆ, ಮೊನ್ನೆಯ ಆ ಚಪ್ಪಾಳೆಗೆ ಏನು ಅರ್ಥ? ಗೌರವವೆಂಬುದು ವೇದಿಕೆಯಲ್ಲಿ ಸಲ್ಲುತ್ತದೆಯೋ ಅಥವಾ ಹಾಜರಿ ಪುಸ್ತಕದಲ್ಲಿ ಸಲ್ಲುತ್ತದೆಯೋ ಎಂಬುದನ್ನು ನಾವು ಗಂಭೀರವಾಗಿ ಆಲೋಚಿಸಬೇಕಾಗಿದೆ.

ಯೋಧನ ಕುಟುಂಬದ ಕಷ್ಟವನ್ನು ಇತರರ ಕಷ್ಟದಿಂದ ಪ್ರತ್ಯೇಕಿಸುವ ಒಂದು ಅಂಶವಿದೆ. ಅದು ಸಮಯ. ಸಾಮಾನ್ಯ ಸೈನಿಕನೊಬ್ಬನಿಗೆ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆ ಮತ್ತು 30 ದಿನಗಳ ಸಾಂದರ್ಭಿಕ ರಜೆ ಇದೆ. ಕಾಗದದ ಮೇಲೆ ಇದು ಕಡಿಮೆಯೇನಲ್ಲ. ಆದರೆ ಆ ರಜೆ ಯಾವಾಗ ಸಿಗುತ್ತದೆಂಬುದು ಆತನ ಕೈಯಲ್ಲಿಲ್ಲ, ಮನೆಯವರ ಕೈಯಲ್ಲಂತೂ ಇಲ್ಲವೇ ಇಲ್ಲ. ಗಡಿಯಲ್ಲಿ ಪರಿಸ್ಥಿತಿ ಬಿಗಡಾಯಿಸಿದರೆ ಮಂಜೂರಾದ ರಜೆಯೂ ರದ್ದಾಗುತ್ತದೆ, ಊರಿಗೆ ಬಂದವನನ್ನೂ ಅರ್ಧದಲ್ಲೇ ಮರಳಿ ಕರೆಯಲಾಗುತ್ತದೆ. ಹಬ್ಬ, ಮದುವೆ, ಹೆರಿಗೆ, ತಂದೆಯ ಶಸ್ತ್ರಚಿಕಿತ್ಸೆ ಯಾವುದೂ ಅದಕ್ಕೆ ಅಡ್ಡಿಯಲ್ಲ. ಹೀಗಿರುವಾಗ ಮನೆಯಲ್ಲಿರುವವರು ಎರಡು ಕೆಲಸಗಳನ್ನು ಒಬ್ಬರೇ ಮಾಡಬೇಕಾಗುತ್ತದೆ. ಮಕ್ಕಳ ಶಾಲೆ, ವೃದ್ಧರ ಆಸ್ಪತ್ರೆ, ಜಮೀನಿನ ಕಾಗದ, ಪಡಿತರ ಚೀಟಿ ಎಲ್ಲವೂ ಅವರ ಹೆಗಲಿಗೇ ಬೀಳುತ್ತವೆ. ಈ ಕುಟುಂಬಕ್ಕೆ ಅತ್ಯಂತ ಕೊರತೆಯಿರುವ ವಸ್ತು ಸಮಯ. ಅದನ್ನು ಕೊಡುವ ಸಾಮರ್ಥ್ಯ ಮಾಲೀಕನಿಗೆ ಮತ್ತು ಮೇಲಧಿಕಾರಿಗೆ ಇದೆ. ಆದ್ದರಿಂದ ದುಡಿಯುವ ಸ್ಥಳದಲ್ಲಿ ಯೋಧನ ಕುಟುಂಬಕ್ಕೆ ಸಲ್ಲಬಹುದಾದ ನಿಜವಾದ ಗೌರವವೆಂದರೆ ಸಮಯವೇ ಹೊರತು ಶಾಲಲ್ಲ.

ಗಲ್ಫ್ ದೇಶಗಳಲ್ಲಿ ಪತಿಯೋ ಮಗನೋ ದುಡಿಯುತ್ತಿರುವ ಸಾವಿರಾರು ಮನೆಗಳು ನಮ್ಮ ಕರಾವಳಿಯಲ್ಲಿವೆ. ಫೋನಿನಲ್ಲೇ ಮಗುವಿನ ಮೊದಲ ಮಾತು ಕೇಳಿಸಿಕೊಂಡ ತಂದೆಯಂದಿರು, ಮಯ್ಯಿತ್‌ಗೆ ತಲುಪಲಾಗದೆ ದೂರದಲ್ಲೇ ಕಣ್ಣೀರಿಟ್ಟ ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಅಗಲಿಕೆ ಎಂದರೇನೆಂದು ಇಂತಹ ಕುಟುಂಬಗಳಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಯೋಧನ ಮನೆಯಲ್ಲಿ ಈ ಅಗಲಿಕೆಯ ಜೊತೆ ಇನ್ನೊಂದು ಭಯವೂ ಇದೆ. ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಡಿದುಕೊಂಡರೆ ಎದೆ ನಡುಗುವ ಭಯ.

ದ್ವಿತೀಯ ಖಲೀಫ ಹಝ್ರತ್ ಉಮರ್(ರ)ರ ಬಗ್ಗೆ ಪ್ರಸಿದ್ಧವಾದ ಒಂದು ಪ್ರಸಂಗವಿದೆ. ರಾತ್ರಿ ಗಸ್ತಿನಲ್ಲಿದ್ದಾಗ, ಪತಿ ದಂಡಿನಲ್ಲಿ ದೂರವಿದ್ದ ಮಹಿಳೆಯೊಬ್ಬಳ ಅಳಲು ಅವರ ಕಿವಿಗೆ ಬಿತ್ತು. ಅವರು ಪುತ್ರಿ ಹಫ್ಸಾ(ರ)ರೊಡನೆ ಸಮಾಲೋಚಿಸಿ, ಯೋಧನು ಮನೆಯಿಂದ ದೂರವಿರಬೇಕಾದ ಅವಧಿಗೆ ಮಿತಿ ಹಾಕಿದರು. ಅದು ನಾಲ್ಕು ತಿಂಗಳೆಂದೂ ಆರು ತಿಂಗಳೆಂದೂ ವರದಿಗಳಿವೆ. ಇಲ್ಲಿ ಗಮನಿಸಬೇಕಾದುದು ಅವರು ಆ ಮಹಿಳೆಗೆ ಬಿರುದು ಕೊಡಲಿಲ್ಲ, ನಿಯಮವನ್ನೇ ಬದಲಿಸಿದರು ಎಂಬುದನ್ನು.

ಈ ವಿಷಯದಲ್ಲಿ ಇತರ ದೇಶಗಳ ಅನುಭವವೂ ಪಾಠವಾಗಬಲ್ಲುದು. ಅಮೆರಿಕದಲ್ಲಿ 1917ರಲ್ಲಿ, ಪ್ರಥಮ ಮಹಾಯುದ್ಧದ ಸಂದರ್ಭದಲ್ಲಿ, ಕೆಂಪು ಅಂಚಿನ ಬಿಳಿ ಬಟ್ಟೆಯ ಮೇಲೆ ನೀಲಿ ನಕ್ಷತ್ರವಿರುವ ಒಂದು ಪುಟ್ಟ ಧ್ವಜ ಬಳಕೆಗೆ ಬಂತು. ಮನೆಯಿಂದ ಸೇನೆಗೆ ಹೋದ ಪ್ರತಿಯೊಬ್ಬರಿಗೂ ಒಂದು ನೀಲಿ ನಕ್ಷತ್ರ, ಮಡಿದರೆ ಅದರ ಬದಲಿಗೆ ಚಿನ್ನದ ಬಣ್ಣದ ನಕ್ಷತ್ರ. ಮನೆಗಳಲ್ಲಷ್ಟೇ ಅಲ್ಲ, ಕಾರ್ಖಾನೆ ಮತ್ತು ಕಚೇರಿಗಳಲ್ಲೂ ಇಂತಹ ಧ್ವಜಗಳು ತೂಗಿದವು. ಆದರೆ ಸೈನಿಕನನ್ನು ಕರ್ತವ್ಯಕ್ಕೆ ಕಳುಹಿಸುವ ಸಂದರ್ಭದಲ್ಲಿ ಅವನ ಪತ್ನಿಗೋ ತಂದೆತಾಯಿಗೋ ಮಕ್ಕಳಿಗೋ 12 ವಾರಗಳವರೆಗೆ, ಗಾಯಗೊಂಡ ಸೈನಿಕನ ಆರೈಕೆಗೆ 26 ವಾರಗಳವರೆಗೆ ಉದ್ಯೋಗ ಕಳೆದುಕೊಳ್ಳದೆ ರಜೆ ಪಡೆಯುವ ಹಕ್ಕನ್ನು ಅಲ್ಲಿನ ಕಾನೂನು ಕೊಟ್ಟದ್ದು 2008ರಲ್ಲಿ. ಅದೂ ವೇತನರಹಿತ ರಜೆ. ನಕ್ಷತ್ರ ಸಿಕ್ಕಿ ತೊಂಬತ್ತು ವರ್ಷಗಳ ನಂತರ ರಜೆ ಸಿಕ್ಕಿತು! ಬ್ರಿಟನ್ನಿನಲ್ಲಿ ಸೈನಿಕರಿಗೆ, ಮಾಜಿ ಸೈನಿಕರಿಗೆ ಮತ್ತು ಅವರ ಕುಟುಂಬಗಳಿಗೆ ಸಹಕರಿಸುವ ಮಾಲೀಕರನ್ನು 2014ರಿಂದ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆಗಳಲ್ಲಿ ಗುರುತಿಸಲಾಗುತ್ತಿದೆ. ಅಲ್ಲಿ ಪ್ರಶಸ್ತಿ ಸಿಗುವುದು ಮಾಲೀಕನಿಗೆ, ಅದೂ ಆತ ಏನನ್ನಾದರೂ ಮಾಡಿದ ನಂತರ.

ಈ ದೇಶಗಳು ಇರಾಕ್‌ನ ಮೇಲೆ ಹೂಡಿದ ಯುದ್ಧವನ್ನು ನಾವು ಒಪ್ಪಬೇಕಾಗಿಲ್ಲ. ಯುದ್ಧವನ್ನು ತೀರ್ಮಾನಿಸುವವರು ಆಳುವವರು. ಬಾಗಿಲಲ್ಲಿ ಕಾದು ಕುಳಿತ ತಾಯಿ ಅದನ್ನು ತೀರ್ಮಾನಿಸಿದವಳಲ್ಲ. ಈ ವ್ಯತ್ಯಾಸ ನಮಗೆ ಸ್ಪಷ್ಟವಿರಬೇಕು. ಸರಕಾರದ ನೀತಿಯನ್ನು ಪ್ರಶ್ನಿಸುವುದಕ್ಕೂ ಸೈನಿಕನ ಮನೆಯವರ ಕೈ ಹಿಡಿಯುವುದಕ್ಕೂ ಯಾವ ವಿರೋಧವೂ ಇಲ್ಲ.

ನಮ್ಮ ದೇಶದ ಸ್ಥಿತಿ ಹೇಗಿದೆ? 1949ರಿಂದ ಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನವನ್ನು ಆಚರಿಸಲಾಗುತ್ತಿದೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಧ್ವಜವನ್ನು ಅಂಗಿಗೆ ಚುಚ್ಚಿಕೊಂಡು ನೌಕರರು ದೇಣಿಗೆ ನೀಡುತ್ತಾರೆ. ಆ ಹಣ ಯುದ್ಧ ಸಂತ್ರಸ್ತರ ಪುನರ್ವಸತಿಗೆ, ಸೈನಿಕರ ಮತ್ತು ಮಾಜಿ ಸೈನಿಕರ ಕುಟುಂಬಗಳ ಕಲ್ಯಾಣಕ್ಕೆ ಬಳಕೆಯಾಗುತ್ತದೆ. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ. ಕರ್ತವ್ಯದಲ್ಲಿರುವ ಸೈನಿಕನ ಗೈರುಹಾಜರಿಯಲ್ಲಿ ಸಿವಿಲ್ ದಾವೆಗಳು ಅವನ ವಿರುದ್ಧ ತೀರ್ಮಾನವಾಗದಂತೆ ರಕ್ಷಿಸುವ ಕಾನೂನು 1925ರಿಂದಲೇ ಇದೆ. ಸೈನಿಕರ ಕುಟುಂಬಗಳಿಗೆ ಕಾನೂನು ನೆರವು ನೀಡಲು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2025ರ ಜುಲೈ 26ರಂದು ಪ್ರತ್ಯೇಕ ಯೋಜನೆಯೊಂದನ್ನು ಆರಂಭಿಸಿದೆ. ಅಂದರೆ ನ್ಯಾಯಾಲಯವೂ ಸೈನಿಕನಿಗಾಗಿ ಕಾಯಬಲ್ಲುದು! ಆದರೆ ಖಾಸಗಿ ಸಂಸ್ಥೆಯೊಂದರಲ್ಲಿ ದುಡಿಯುವ ಸೈನಿಕನ ಪತ್ನಿಗೆ, ಆಕೆ ಸೈನಿಕನ ಪತ್ನಿ ಎಂಬ ಕಾರಣಕ್ಕೆ ಒಂದು ದಿನದ ರಜೆಯನ್ನೂ ನಮ್ಮ ಕಾರ್ಮಿಕ ಕಾನೂನು ಕೊಡುವುದಿಲ್ಲ. ಎಲ್ಲವೂ ಮಾಲೀಕನ ಔದಾರ್ಯಕ್ಕೆ ಬಿಟ್ಟ ವಿಷಯ.

2016ರ ಫೆಬ್ರವರಿಯನ್ನು ನೆನಪಿಸಿಕೊಳ್ಳಿ. ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಹತ್ತು ಮಂದಿ ಯೋಧರು ಸಿಲುಕಿದರು. ಆರು ದಿನಗಳ ನಂತರ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ್ ಹಿಮದಡಿಯಿಂದ ಜೀವಂತ ಹೊರಬಂದಾಗ ಇಡೀ ನಾಡು ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ಕೊನೆಯುಸಿರೆಳೆದರು. ನಾವೆಲ್ಲ ಕಾತರದಿಂದ ಕಾದದ್ದು ಕೆಲವೇ ದಿನ. ಸೈನಿಕನ ಮನೆಯವರು ಆತ ಸೇನೆಗೆ ಸೇರಿದ ದಿನದಿಂದಲೂ ಹಾಗೆಯೇ ಕಾಯುತ್ತಿರುತ್ತಾರೆ ಎಂಬುದನ್ನು ನಾವು ಮರೆಯುತ್ತೇವೆ.

ಈ ಗೌರವಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಹೇಳದಿದ್ದರೆ ಈ ಮಾತು ಅಪೂರ್ಣವಾದೀತು. ಇತ್ತೀಚಿನ ವರ್ಷಗಳಲ್ಲಿ ಸೈನಿಕನನ್ನು ಹೊಗಳುವ ಮಾತು ಬೇರೆ ಯಾರನ್ನೋ ತಿವಿಯುವ ಮಾತಾಗಿಯೂ ಬಳಕೆಯಾಗುತ್ತಿದೆ. 1965ರ ಸೆಪ್ಟೆಂಬರ್‌ನಲ್ಲಿ ಖೇಮ್‌ಕರಣ್ ವಲಯದಲ್ಲಿ ಶತ್ರು ಟ್ಯಾಂಕುಗಳನ್ನು ಧ್ವಂಸಗೈದು ಹುತಾತ್ಮರಾದ ಪರಮವೀರ ಚಕ್ರ ಪುರಸ್ಕೃತ ಅಬ್ದುಲ್ ಹಮೀದ್ ಒಬ್ಬ ದರ್ಜಿಯ ಮಗ. 1999ರ ಜೂನ್‌ನಲ್ಲಿ ತುರ್ತುಕ್ ವಲಯದ ಹಿಮದಲ್ಲಿ ಮಡಿದ ಕ್ಯಾಪ್ಟನ್ ಹನೀಫುದ್ದೀನ್‌ರ ಪಾರ್ಥಿವ ಶರೀರ ನಲ್ವತ್ತಕ್ಕೂ ಹೆಚ್ಚು ದಿನ ಅಲ್ಲೇ ಉಳಿಯಿತು. ಶಾಸ್ತ್ರೀಯ ಸಂಗೀತ ಗಾಯಕಿಯಾದ ಅವರ ತಾಯಿ ಹೇಮಾ ಅಝೀಝ್, ತನ್ನ ಮಗನ ಶರೀರಕ್ಕಾಗಿ ಇನ್ನೊಬ್ಬ ತಾಯಿಯ ಮಗ ಪ್ರಾಣ ಪಣಕ್ಕಿಡುವುದು ಬೇಡವೆಂದರು. ಹನೀಫುದ್ದೀನ್‌ರಿಗೆ ಮರಣೋತ್ತರ ವೀರ ಚಕ್ರ ಸಂದಿತು. ಇವರ ತ್ಯಾಗವನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆದರೆ ಅದನ್ನು ನಮ್ಮ ದೇಶಪ್ರೇಮದ ಸರ್ಟಿಫಿಕೇಟಾಗಿ ಜೇಬಿನಲ್ಲಿಟ್ಟು ತಿರುಗಬೇಕಾಗಿಲ್ಲ. ಮನೆಯಿಂದ ಯಾರೂ ಸೇನೆಗೆ ಹೋಗದ ಗುಮಾಸ್ತನೂ, ಶಿಕ್ಷಕನೂ, ಮೀನುಗಾರನೂ ಈ ದೇಶದ ಪೂರ್ಣ ಪ್ರಜೆಯೇ. ಕಚೇರಿಯ ಸನ್ಮಾನವು ಸಹೋದ್ಯೋಗಿಗಳನ್ನು ದೇಶಭಕ್ತರು ಮತ್ತು ಇತರರು ಎಂದು ವಿಂಗಡಿಸುವ ಪರೀಕ್ಷೆಯಾದರೆ ಅದು ಸೈನಿಕನಿಗೂ ಅವಮಾನ.

2025ರ ಮೇ ತಿಂಗಳ ಘಟನೆಗಳು ಇದಕ್ಕೆ ಸಾಕ್ಷಿ. ಸೇನಾ ಕಾರ್ಯಾಚರಣೆಯ ವಿವರವನ್ನು ದೇಶದ ಮುಂದಿಟ್ಟ ಕರ್ನಲ್ ಸೋಫಿಯಾ ಖುರೇಶಿಯವರ ಬಗ್ಗೆ ಮಧ್ಯಪ್ರದೇಶದ ಸಚಿವರೊಬ್ಬರು ಕೀಳಾಗಿ ಮಾತಾಡಿದರು. ಅಲ್ಲಿನ ಹೈಕೋರ್ಟ್ ಪ್ರಕರಣ ದಾಖಲಿಸಲು ಸ್ವಯಂಪ್ರೇರಿತವಾಗಿ ಆದೇಶಿಸಬೇಕಾಯಿತು. ಅದೇ ಹೊತ್ತಿಗೆ ಬೆಳಗಾವಿ ಜಿಲ್ಲೆಯ ಕೊಣ್ಣೂರಿನಲ್ಲಿರುವ ಅವರ ಪತಿಯ ಮನೆಯ ಮೇಲೆ ದಾಳಿಯಾಗಿದೆಯೆಂಬ ಸುಳ್ಳು ಸುದ್ದಿ ಜಾಲತಾಣಗಳಲ್ಲಿ ಹರಡಿತು. ಅಂತಹದ್ದೇನೂ ನಡೆದಿಲ್ಲವೆಂದು ಪೊಲೀಸರು ಸ್ಪಷ್ಟಪಡಿಸಬೇಕಾಯಿತು. ಒಂದೆಡೆ ನಿಂದನೆ, ಇನ್ನೊಂದೆಡೆ ವದಂತಿ. ಎರಡರ ನಡುವೆ ಸಿಲುಕಿದ್ದು ಒಂದು ಯೋಧ ಕುಟುಂಬದ ನೆಮ್ಮದಿ. ಸಚಿವರನ್ನು ಖಂಡಿಸಿದ ನಾವು, ಪರಿಶೀಲಿಸದೆ ಸುದ್ದಿ ಹಂಚುವ ಚಾಳಿಯನ್ನೂ ಅಷ್ಟೇ ನಿಷ್ಠುರವಾಗಿ ಖಂಡಿಸಬೇಡವೇ?

ಹಾಗಾದರೆ ಆಗಬೇಕಾದ್ದೇನು? ಪತಿ ಅಥವಾ ಮಗ ಊರಿಗೆ ಬರುವ ದಿನಗಳಲ್ಲಿ ಸಿಬ್ಬಂದಿಗೆ ರಜೆ ಖಾತ್ರಿಯಿರಲಿ. ಆ ದಿನಾಂಕ ಕೊನೆ ಗಳಿಗೆಯಲ್ಲಿ ಬದಲಾದರೆ ರಜೆಯೂ ಅದರಂತೆ ಬದಲಾಗಲಿ. ಗಡಿಯಿಂದ ಬರುವ ಫೋನ್ ಕರೆಗೆ ಕೆಲಸದ ನಡುವೆ ಎದ್ದು ಹೋಗಲು ಯಾರ ಅಪ್ಪಣೆಯೂ ಬೇಕಾಗದಿರಲಿ. ಪತಿಯ ವರ್ಗಾವಣೆಯಿಂದಾಗಿ ಕೆಲಸ ಬಿಟ್ಟ ಮಹಿಳೆ ಮರಳಿ ಬಂದಾಗ ಬಾಗಿಲು ತೆರೆದಿರಲಿ. ಗಾಯವೋ ಸಾವೋ ಸಂಭವಿಸಿದರೆ ಪಿಂಚಣಿ ಮತ್ತು ಪರಿಹಾರದ ಕಾಗದಪತ್ರಗಳಿಗಾಗಿ ಕಚೇರಿಯ ಒಬ್ಬರು ಜೊತೆಗೆ ಓಡಾಡಲಿ. ಇನ್ನು, ಒಪ್ಪಿಗೆಯಿಲ್ಲದೆ ಯೋಧರ ಹೆಸರು, ಭಾವಚಿತ್ರ, ಅವರು ಇರುವ ಸ್ಥಳವನ್ನು ಸೂಚನಾ ಫಲಕದಲ್ಲೋ ವಾಟ್ಸಾಪ್‌ನಲ್ಲೋ ಹಾಕಬಾರದು. ಅದರಿಂದ ಅವರ ಸುರಕ್ಷೆಗೇ ಧಕ್ಕೆಯಾಗಬಹುದು. ಯುದ್ಧದ ಸುದ್ದಿ ಬಂದಾಗ "ನಿಮ್ಮವರು ಏನಂತಾರೆ?" ಎಂದು ಸಹೋದ್ಯೋಗಿಯನ್ನು ಸುತ್ತುವರಿದು ಕೇಳುವುದು ಕಾಳಜಿಯಲ್ಲ, ಹಿಂಸೆ. ಒಂಟಿಯಾಗಿ ಮನೆ ನಡೆಸುವ ಸೈನಿಕನ ಪತ್ನಿಯ ಹೋಗುಬರುವುಗಳ ಬಗ್ಗೆ ಪಿಸುಮಾತಾಡುವುದಂತೂ ಮಹಾಪಾಪ.

"ಕಷ್ಟ ಎಲ್ಲರಿಗೂ ಇದೆ, ಇವರಿಗೇಕೆ ವಿಶೇಷ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜ. ಅನಾರೋಗ್ಯದ ತಾಯಿಯನ್ನು ಆರೈಕೆ ಮಾಡುವ ನೌಕರನಿಗೂ ಇಂತಹ ದಯೆ ಸಿಗಲೇಬೇಕು. ಆದರೆ ಯೋಧನ ಕುಟುಂಬ ಕಾಯುತ್ತಿರುವುದು ನಮ್ಮೆಲ್ಲರ ಪರವಾಗಿ. ಆದ್ದರಿಂದ ಇದು ದಯೆಗಿಂತ ಹೆಚ್ಚಾಗಿ ಋಣ.

ಈ ಕೆಲಸಕ್ಕೆ ಸರಕಾರದ ಆದೇಶವನ್ನು ಕಾಯಬೇಕಾಗಿಲ್ಲ. ನಮ್ಮ ಸಮುದಾಯದವರ ಆಡಳಿತದಲ್ಲಿ ಶಾಲೆಗಳಿವೆ, ಕಾಲೇಜುಗಳಿವೆ, ಆಸ್ಪತ್ರೆಗಳಿವೆ, ಜವಳಿ ಮಳಿಗೆಗಳಿವೆ. ಅಲ್ಲಿ ಎಲ್ಲ ಧರ್ಮದ ಸಿಬ್ಬಂದಿ ದುಡಿಯುತ್ತಾರೆ. ಅವರ ಪೈಕಿ ಯಾರ ಮನೆಯವರು ಗಡಿಯಲ್ಲಿದ್ದಾರೆಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ? ಈ ನಿಯಮಗಳನ್ನು ಒಂದು ಪುಟದಲ್ಲಿ ಬರೆದು ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಅಂಗೀಕರಿಸಲು ಹತ್ತು ನಿಮಿಷ ಸಾಕು. ಡಿಸೆಂಬರ್ 7ರಂದು ಧ್ವಜ ಚುಚ್ಚಿಕೊಳ್ಳುವ ಮುನ್ನ ಅಷ್ಟನ್ನಾದರೂ ಮಾಡೋಣ.