ಬಸಿರಿನ ಮೊದಲ ಮೂರು ತಿಂಗಳು

ಮುಟ್ಟು ನಿಂತಿದೆ. ಬೆಳಿಗ್ಗೆ ಎದ್ದೊಡನೆ ಓಕರಿಕೆ, ಸ್ತನಗಳಲ್ಲಿ ನೋವು, ಆಯಾಸ. ಹಾರ್ಮೋನಿನ ಏರಿಕೆಯಿಂದಾಗುವ ಇವೆಲ್ಲ ಸಹಜ. ಹೊಟ್ಟೆ ಕಾಣದಿದ್ದರೂ ಒಳಗೆ ಬೆಳವಣಿಗೆ ಭರದಿಂದ ಸಾಗಿರುತ್ತದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ 6ನೇ ವಾರದ ಹೊತ್ತಿಗೆ ಮಗುವಿನ ಮಿದುಳು, ಬೆನ್ನುಹುರಿಯಾಗುವ ನಳಿಕೆ ಮುಚ್ಚಿಕೊಳ್ಳುತ್ತದೆ, ಹೃದಯ ಮಿಡಿಯತೊಡಗುತ್ತದೆ. 12ನೇ ವಾರಕ್ಕೆ ಬೆರಳುಗಳೂ ಮೂಡಿರುತ್ತವೆ.

ಇದು ಎಲ್ಲ ತಾಯಂದಿರಿಗೂ ಒಂದೇ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಸಹೋದರಿಯರಿಗೆ ಇನ್ನೊಂದು ಮಾತಿದೆ. ಅಲ್ಲಿ ಹೊಗೆಸೊಪ್ಪಿನ ಹಸಿ ಎಲೆಗಳನ್ನು ಕೋಲಿಗೆ ಕಟ್ಟಿ ಬ್ಯಾರನ್ನಿಗೆ ಅಣಿ ಮಾಡುವ ಕೆಲಸಕ್ಕೆ ಹೆಂಗಸರೂ ಹೋಗುತ್ತಾರೆ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈ ಸೇರಿ ವಾಂತಿ, ತಲೆಸುತ್ತು ತರುತ್ತದೆ. ಬಸಿರಿನ ವಾಂತಿಯೆಂದುಕೊಂಡರೆ ಮೋಸ ಹೋದಂತೆ. ಆ ನಿಕೋಟಿನ್ ಮಗುವನ್ನೂ ತಲುಪುತ್ತದೆ. ಬೀಡಿ ಮುಟ್ಟದವಳಿಗೂ ಈ ಪಾಲು ತಪ್ಪುವುದಿಲ್ಲ! ಕೂಲಿ ಬಿಡುವುದು ಸುಲಭವಲ್ಲ, ನಿಜ. ಆದರೂ ಮುಟ್ಟು ತಪ್ಪಿದ ಕೂಡಲೇ ಅವಳನ್ನು ಈ ಕೆಲಸದಿಂದ ಬಿಡಿಸಲು ಮನೆಯವರು, ಮುಖ್ಯವಾಗಿ ಅತ್ತೆಯಂದಿರು ಒಪ್ಪಬೇಕು.

3 ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ರೂಢಿ ಹಲವು ಮನೆಗಳಲ್ಲಿದೆ. ನೆರೆಯವರಿಗೆ ಬೇಕಾದರೆ ಹೇಳಬೇಡಿ; ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡ್ ಮಾಡಿಸಿ. ಆ ನಳಿಕೆ ಸರಿಯಾಗಿ ಮುಚ್ಚಿಕೊಳ್ಳಲು ನೆರವಾಗುವ ಫೋಲಿಕ್ ಆಸಿಡ್ ಮಾತ್ರೆಯನ್ನು ಆದಷ್ಟು ಬೇಗ ಶುರು ಮಾಡಬೇಕು. ಕಬ್ಬಿಣದ ಮಾತ್ರೆ 4ನೇ ತಿಂಗಳಿಂದ. ಕುಡಿದ ನೀರೂ ನಿಲ್ಲದಷ್ಟು ವಾಂತಿ, ರಕ್ತಸ್ರಾವ, ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು ಕಂಡರೆ ಮಾತ್ರ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.